ಕಾಯಬಹುದಾದ ದೂರು

ಬೇಸಿಗೆ ಬಂತೆಂದರೆ ಊರಿನ ಫ್ರಿಜ್ಜುಗಳಿಗೆಲ್ಲ ಒಟ್ಟಿಗೇ ಜ್ವರ ಬರುತ್ತದೆ. ಅವಳ ಹೊಟ್ಟೆಪಾಡು ನಡೆಯುವುದು ಆ ಜ್ವರದಿಂದಲೇ. ಫ್ರಿಜ್ ಕಂಪನಿಯೊಂದರ ದೂರು ವಿಭಾಗದಲ್ಲಿ ಅವಳಿಗೆ ಫೋನ್ ತೆಗೆದುಕೊಳ್ಳುವ ಕೆಲಸ. ಆಫೀಸು ಅಂದರೆ ಮನೆಯ ಮಲಗುವ ಕೋಣೆ, ಇಸ್ತ್ರಿ ಮಾಡುವ ಮೇಜು, ಮೇಜಿನ ಮೇಲೆ ಕಂಪ್ಯೂಟರು, ತಲೆಗೊಂದು ಹೆಡ್‌ಫೋನು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಬಾಗಿಲಿನಾಚೆ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಗುಂಡು, ಮತ್ತು ನಲವತ್ತೈದು ದಿನಗಳ ರಜೆ.

ಪ್ರತಿ ವರ್ಷ ಈ ಹೊತ್ತಿಗೆ ಅತ್ತೆ ಬಂದಿರುತ್ತಿದ್ದರು. ಈ ಸಲ ನಾದಿನಿಗೆ ಹೆರಿಗೆ, ಅತ್ತೆ ಅಲ್ಲಿ. ಗಂಡ ದೂರದೂರಿನ ಬಸ್ಸು ಓಡಿಸುವವನು. ಜನರೆಲ್ಲ ರಜೆಗೆ ಹೊರಟಾಗ ಅವನೊಬ್ಬನಿಗೆ ರಜೆಯಿಲ್ಲ. "ಹೇಗೋ ಸುಧಾರಿಸ್ಕೋ" ಎಂದು ಹೇಳಿ ಹೋಗಿದ್ದ. ಹೇಳುವುದೇನೋ ಸುಲಭ.

ಮೊದಲ ವಾರ ಸುಧಾರಿಸಲಾಗಲಿಲ್ಲ. ಒಂದು ದಿನ ಗುಂಡು ಬಾಗಿಲು ತಳ್ಳಿಕೊಂಡು ಬಂದು "ಅಮ್ಮಾ, ಕಕ್ಕ ಆಯ್ತು!" ಎಂದು ಘೋಷಿಸಿದ. ಆ ಕಡೆ ಲೈನಿನಲ್ಲಿದ್ದ ಹೋಟೆಲ್ ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನೊಂದು ದಿನ ಅಕ್ಕ ತಮ್ಮ ಜುಟ್ಟು ಹಿಡಿದು ಹೊಡೆದಾಡಿದರು. ಆಗ ಯಾರೂ ನಗಲಿಲ್ಲ. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಮೇಲ್ವಿಚಾರಕಿ ಫೋನ್ ಮಾಡಿ, ಬೈದಿದ್ದರೇ ವಾಸಿ ಅನ್ನಿಸುವಷ್ಟು ಮೃದುವಾಗಿ, "ನೋಡಿ, ನನಗೂ ಮಕ್ಕಳಿದ್ದಾರೆ. ಆದ್ರೆ ಮೂರನೇ ಸಲ ಸದ್ದು ಕೇಳಿಸಿದ್ರೆ ನನ್ನ ಕೈಯಲ್ಲೇನೂ ಇರಲ್ಲ" ಅಂದಳು.

ಅಂದು ಸಂಜೆ ಅವಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ಹೇಳಬಾರದೆಂದುಕೊಂಡಿದ್ದ ಮಾತು ಬಾಯಿ ಜಾರಿ ಬಂದೇಬಿಟ್ಟಿತು: "ಇನ್ನೊಂದ್ ಸಲ ನೀವು ಕೂಗಿದ್ರೆ ಅಮ್ಮನ ಕೆಲಸ ಹೋಗುತ್ತೆ."

ಮಗಳು ತಲೆಯಾಡಿಸಿದಳು. ಗುಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಉಪಾಯವನ್ನು ಅವಳು ಕಂಪನಿಯಿಂದಲೇ ಎರವಲು ತಂದಳು. ಅಲ್ಲಿ ದೂರುಗಳಿಗೆ ನಂಬರಿರುತ್ತದೆ, ಇಲ್ಲೂ ಇರಲಿ. ಒಂದನೇ ನಂಬರು: ರಕ್ತ, ಹೊಗೆ, ಅಳು. ಆಗ ಬಾಗಿಲು ಬಡಿಯಬಹುದು. ಎರಡನೇ ನಂಬರು: ಹಸಿವು, ಒಡೆದ ಸಾಮಾನು. ಉಳಿದದ್ದೆಲ್ಲ ಮೂರನೇ ನಂಬರು, ಕಾಯಬಹುದು. ಎರಡು ಮೂರಕ್ಕೆ ಬಾಗಿಲು ಬಡಿಯುವಂತಿಲ್ಲ. ಚೀಟಿ ಬರೆದು, ಗಂಟೆ ಹಾಕಿ, ಬಾಗಿಲಡಿಯಿಂದ ತಳ್ಳಬೇಕು. ಮಗಳಿಗೆ ಗಡಿಯಾರ ನೋಡಲು ಆಗಷ್ಟೇ ಬಂದಿತ್ತು. ಕೆಲಸ ಸಿಕ್ಕ ಖುಷಿಗೆ ಹಳೆಯ ನೋಟ್‌ಬುಕ್ಕನ್ನು ಹರಿದು ಚೀಟಿ ಮಾಡಿ, ಚಪ್ಪಲಿ ಡಬ್ಬಿಯಲ್ಲಿ ಜೋಡಿಸಿಟ್ಟುಕೊಂಡಳು.

ಎರಡು ವಾರ ಮನೆ ಗಡಿಯಾರದ ಹಾಗೆ ನಡೆಯಿತು. ಬಿಡುವು ಸಿಕ್ಕಾಗ ಅವಳು ಚೀಟಿಗಳನ್ನು ಹೆಕ್ಕಿ ಒಬ್ಬಳೇ ನಗುತ್ತಿದ್ದಳು. "ಗುಂಡು ಗೋಡೆ ನೆಕ್ಕಿದ. ಉಪ್ಪು ಇದೆಯಂತೆ. ನಂ. 3." "ಗುಂಡು ನನಗೆ ಕತ್ತೆ ಅಂದ. ನಾನು ಅವನಿಗೂ ಅಂದೆ. ನಂ. 3." ಗಂಡನಿಗೆ ಫೋನಿನಲ್ಲಿ ಓದಿ ಹೇಳಿದರೆ ಅವನು, "ನಿಮ್ಮ ಕಂಪನಿಗಿಂತ ಇವಳ ಆಫೀಸೇ ಮೇಲು ಕಣೇ" ಎಂದ. ಆದರೆ ಎಷ್ಟೋ ಸಲ ಎರಡು ಕರೆಗಳ ನಡುವೆ ಅವಳ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ಆಚೆ ಸದ್ದೇ ಇಲ್ಲ. ಮಕ್ಕಳಿರುವ ಮನೆ ಹೀಗಿರುತ್ತದೆಯೇ? ಅಷ್ಟರಲ್ಲಿ ಮತ್ತೊಂದು ಕರೆ.

ಆ ದಿನ ಹನ್ನೊಂದೂವರೆಗೆ ನಿವೃತ್ತ ಮೇಷ್ಟ್ರೊಬ್ಬರು ಲೈನಿಗೆ ಬಂದರು. ಅವರ ಫ್ರಿಜ್ಜು ಗುಂಯ್ ಎನ್ನುತ್ತಿತ್ತಂತೆ.

"ಯಾವ ಥರ ಸದ್ದು ಸಾರ್?"

"ಬಾಯಲ್ಲಿ ಹೇಳೋಕಾಗಲ್ಲಮ್ಮ. ನೀವೇ ಕೇಳಿ. ಫೋನನ್ನ ಒಳಗೇ ಇಡ್ತೀನಿ. ಒಂದೇ ಸಮ ಬರಲ್ಲ ಅದು, ಸ್ವಲ್ಪ ಕಾಯ್ಬೇಕು."

ಬೇಡ ಎನ್ನುವಷ್ಟರಲ್ಲಿ ಅವರು ಇಟ್ಟೇಬಿಟ್ಟರು. ಅವಳ ಕಿವಿಗೆ ಯಾರದೋ ಅಡುಗೆಮನೆಯ ತಣ್ಣನೆಯ ಕತ್ತಲು ಬಂದು ಕೂತಿತು. ಗುಂಯ್. ನಿಲ್ಲುವುದು. ಮತ್ತೆ ಗುಂಯ್. ಅದು ನಿಂತಾಗಲೆಲ್ಲ ಇನ್ನೊಂದು ಮೌನ ಕೇಳಿಸುತ್ತಿತ್ತು. ಅದು ಮೇಷ್ಟ್ರ ಮನೆಯದಲ್ಲ.

ಬಾಗಿಲ ಬಳಿ ಮೂರು ಚೀಟಿ ಬಿದ್ದಿದ್ದವು. ಹೆಡ್‌ಫೋನಿನ ವೈರು ಎಟಕುವಷ್ಟು ಸರಿದು, ಕಾಲು ಚಾಚಿ ಬೆರಳಿನಿಂದ ಎಳೆದುಕೊಂಡಳು.

"10.35. ಗುಂಡು ನನ್ನ ನೀಲಿ ಪೆನ್ಸಿಲ್ ಕಚ್ಚಿದ. ನಂ. 3."

"10.50. ಗುಂಡು ಸ್ಟೂಲು ತೆಗೆದುಕೊಂಡು ಹೋದ. ದೋಣಿ ಬಿಡುತ್ತಾನಂತೆ. ನಂ. 3."

"11.05. ಗುಂಡು ಬಚ್ಚಲಮನೆ ಚಿಲಕ ಹಾಕಿಕೊಂಡ. ತೆಗೆಯಲು ಬರುತ್ತಿಲ್ಲ. ಅಳುತ್ತಿಲ್ಲ. ನಂ. 3."

ಕಂಪ್ಯೂಟರಿನ ಮೂಲೆಯಲ್ಲಿ ಗಂಟೆ 11.42.

ಬಚ್ಚಲಮನೆಯಲ್ಲಿ ನೀಲಿ ಡ್ರಮ್ಮಿತ್ತು. ನೀರು ಎರಡು ದಿನಕ್ಕೊಮ್ಮೆ ಬರುವುದರಿಂದ ಬೆಳಿಗ್ಗೆ ತಾನೇ ಅದನ್ನು ಕಂಠಮಟ್ಟ ತುಂಬಿಸಿದ್ದಳು. ಗುಂಡುವಿನ ಎತ್ತರಕ್ಕೆ ಅದರ ಅಂಚು ಗಲ್ಲಕ್ಕೆ ಬರುತ್ತದೆ. ಸ್ಟೂಲಿನ ಮೇಲೆ ನಿಂತರೆ ಸೊಂಟಕ್ಕೆ.

ಅವಳು ಎದ್ದಳು. ಎದ್ದವಳು ಮೊದಲು ಮಾಡಿದ್ದು ಮ್ಯೂಟ್ ಒತ್ತಿದ್ದು. ಎದೆ ಬಾಯಿಗೆ ಬಂದಿದ್ದಾಗಲೂ ಬೆರಳು ತಪ್ಪದೆ ಆ ಗುಂಡಿಗೇ ಹೋಗಿತ್ತು ಎನ್ನುವುದು ಆಮೇಲೆ ಅವಳನ್ನು ಬಹಳ ದಿನ ಕಾಡಿತು.

ಹಾಲ್‌ನಲ್ಲಿ ಮಗಳು ಬೋರಲು ಮಲಗಿ ಚಿತ್ರ ಬಿಡಿಸುತ್ತಿದ್ದಳು. ಅವಳನ್ನು ದಾಟಿಕೊಂಡು ಓಡಿ ಬಚ್ಚಲ ಬಾಗಿಲು ತಳ್ಳಿದಳು. ಅಲುಗಲಿಲ್ಲ.

"ಗುಂಡೂ!"

ಬಾಗಿಲು ಬಡಿದಳು.

"ಗುಂಡೂ, ಅಮ್ಮ ಕಣೋ. ಮಾತಾಡೋ!"

ನಲ್ಲಿಯಿಂದ ಒಂದು ಹನಿ ಬಿದ್ದ ಸದ್ದು. ಅವಳು ನೆಲಕ್ಕೆ ಬಿದ್ದು ಬಾಗಿಲಡಿಯ ಸಂದಿಗೆ ಕಣ್ಣಿಟ್ಟಳು. ಡ್ರಮ್ಮಿನ ಬುಡ ಕಂಡಿತು. ಅದಕ್ಕೆ ಒತ್ತಿಕೊಂಡು ಸ್ಟೂಲಿನ ನಾಲ್ಕು ಕಾಲು ಕಂಡವು. ಮಗುವಿನ ಎರಡು ಕಾಲು ಎಲ್ಲೂ ಕಾಣಲಿಲ್ಲ.

ಭುಜದಿಂದ ಬಾಗಿಲಿಗೆ ಗುದ್ದಿದಳು. ಇನ್ನೊಮ್ಮೆ. ತಗಡು ಬಾಗಿಲು ಊರಿಗೆಲ್ಲ ಕೇಳಿಸುವಂತೆ ಗುಡುಗಿತೇ ಹೊರತು ಚಿಲಕ ಜಪ್ಪಯ್ಯ ಎನ್ನಲಿಲ್ಲ. ಹಿಂದಿನಿಂದ ಮಗಳು ಪಿಸುಗುಟ್ಟಿದಳು.

"ಅಮ್ಮ, ನಿನಗೆ ಈಗ ಬಿಡುವಾ?"

"ಅವನು ಯಾಕೆ ಮಾತಾಡ್ತಿಲ್ಲ? ಯಾವಾಗಿಂದ ಮಾತಾಡ್ತಿಲ್ಲ? ಹೇಳೇ!"

"ನಾನೇ ಬೇಡ ಅಂದಿದ್ದು." ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. "ದೂರು ಬರ್ಕೊಂಡಾಯ್ತು, ಈಗ ಕಾಯ್ಬೇಕು, ಪದೇ ಪದೇ ಕರೆ ಮಾಡ್ಬಾರ್ದು ಅಂದೆ. ನೀನೂ ಫೋನಲ್ಲಿ ಹಾಗೇ ಹೇಳ್ತೀಯಲ್ಲ?"

"ನಾನು ಕರೆದ್ರೂ ಮಾತಾಡ್ತಿಲ್ವಲ್ಲೇ!"

"ನಾನು ಹೇಳೋವರೆಗೂ ಮಾತಾಡ್ಬಾರ್ದು ಅಂದಿದ್ದೆ."

"ಹಾಗಾದ್ರೆ ಹೇಳು. ಈಗ್ಲೇ ಹೇಳು."

ಮಗಳು ಮೂಗು ಒರೆಸಿಕೊಂಡಳು. ಬಾಗಿಲಿಗೆ ಬಾಯಿಟ್ಟು, ಅಮ್ಮನದೇ ಫೋನಿನ ದನಿಯಲ್ಲಿ, ಆ ಸಕ್ಕರೆ ಸವರಿದ ರಾಗದಲ್ಲಿ ಹೇಳಿದಳು: "ಕಾದಿದ್ದಕ್ಕೆ ಧನ್ಯವಾದಗಳು ಸಾರ್. ನಿಮ್ಮ ಸರದಿ ಬಂದಿದೆ. ಈಗ ಮಾತಾಡಬಹುದು."

ಅಮ್ಮನೂ ಮಗಳೂ ಬಾಗಿಲಿಗೆ ಕಿವಿಯಿಟ್ಟರು.

ಆಮೇಲೆ ಒಳಗಿನಿಂದ, ತೀರಾ ಸಣ್ಣಗೆ: "ಅಕ್ಕಾ, ಕಾಲು ಜೋಮು ಹಿಡಿದಿದೆ."

ಅವಳು ಹಣೆಯನ್ನು ಬಾಗಿಲಿಗೆ ಒತ್ತಿ ಹಿಡಿದಳು. "ಸ್ಟೂಲಿಂದ ಮೆಲ್ಲಗೆ ಇಳಿ ಕಂದ. ಡ್ರಮ್ ಮುಟ್ಟಬೇಡ. ನಾನು ಬಾಗಿಲು ಈ ಕಡೆಗೆ ಎಳೆದು ಹಿಡ್ಕೋತೀನಿ, ಚಿಲಕ ಸಡಿಲ ಆಗುತ್ತೆ. ಮೇಲಕ್ಕೆತ್ತಿ ಎಳಿ. ಎಷ್ಟು ಹೊತ್ತು ಬೇಕಾದ್ರೂ ತಗೋ."

ಚಿಲಕ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಬಾಗಿಲು ತೆರೆದಾಗ ಗುಂಡು ಅಪರಾಧಿಯಂತೆ ನಿಂತಿದ್ದ. ಇಷ್ಟು ಹೊತ್ತೂ ಸ್ಟೂಲಿನ ಮೇಲೆ ಕಾಲು ಮಡಚಿಕೊಂಡು ಕೂತಿದ್ದನಂತೆ. ಡ್ರಮ್ಮಿನಲ್ಲಿ ಅವನ ಒಂದು ಚಪ್ಪಲಿ ತೇಲುತ್ತಿತ್ತು. ಇನ್ನೊಂದು ತಳದಲ್ಲಿತ್ತು. ಅವನ ತಲೆ ಕಿವಿಯವರೆಗೂ ಒದ್ದೆ.

"ತಲೆ ಯಾಕೋ ಒದ್ದೆ?"

"ಚಪ್ಪಲಿ ಮುಳುಗ್ತಲ್ಲ, ಬಗ್ಗಿದ್ದೆ." ಅವನು ಸ್ವಲ್ಪ ಯೋಚಿಸಿದ. "ಕಾಲು ಮೇಲಕ್ಕೆ ಹೋಯ್ತು. ಆಮೇಲೆ ವಾಪಸ್ ಬಂತು."

"ಆಗ ಯಾಕೋ ಕೂಗಲಿಲ್ಲ?"

"ಕೂಗಿದ್ರೆ ನಿನ್ನ ಕೆಲಸ ಹೋಗುತ್ತಲ್ಲ."

ಅವಳು ಅವನನ್ನು ಎತ್ತಿಕೊಂಡಳು, ಮಗಳನ್ನು ಇನ್ನೊಂದು ಕೈಯಲ್ಲಿ ಎಳೆದುಕೊಂಡಳು. ಮೂವರೂ ಒದ್ದೆ ನೆಲದ ಮೇಲೆ ಕೂತರು. "ನಂ. 1 ಬರೀಬೇಕಿತ್ತಾ ಅಮ್ಮ?" ಎಂದು ಮಗಳು ಕೇಳಿದಳು. "ಅವನು ಅಳ್ತಾ ಇರಲಿಲ್ಲ. ನಾನು ಕಿವಿಯಿಟ್ಟು ಕೇಳಿದ್ದೆ."

"ನೀನು ಸರಿಯಾಗೇ ಬರೆದಿದ್ದೀಯ. ನಂಬರು ಹಾಕಿದ್ದು ನಾನು ತಾನೇ."

ಡ್ರಮ್ಮನ್ನು ಅವಳೊಬ್ಬಳೇ ಉರುಳಿಸಿದಳು. ಎರಡು ದಿನದ ನೀರು ಮೋರಿಗೆ ಹೋಗುವುದನ್ನು ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. ಕೋಣೆಗೆ ಬಂದು ಹೆಡ್‌ಫೋನು ಕಿವಿಗಿಟ್ಟು ಮ್ಯೂಟ್ ತೆಗೆದಾಗ ಇನ್ನೂ ಗುಂಯ್ ಎನ್ನುತ್ತಿತ್ತು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು.

"ಕೇಳಿಸ್ತೇನಮ್ಮ?" ಎಂದರು ಮೇಷ್ಟ್ರು, ಉತ್ಸಾಹದಿಂದ.

"ಕೇಳಿಸ್ತು ಸಾರ್." ಒದ್ದೆ ಕೈ ಒರೆಸಿಕೊಂಡಳು. "ಚೆನ್ನಾಗಿ ಕೇಳಿಸ್ತು. ನಾಳೆಯೇ ಜನ ಕಳಿಸ್ತೀನಿ."

ಕರೆ ಮುಗಿಸಿ ಮಕ್ಕಳತ್ತ ತಿರುಗಿದಳು. ಇಬ್ಬರೂ ಹೊಸ್ತಿಲಾಚೆಯೇ ನಿಂತಿದ್ದರು, ಒಳಗೆ ಕಾಲಿಡಬಹುದೋ ಬಾರದೋ ಎಂದು.

"ಗುಂಡು, ಒಂದ್ಸಲ ಕೂಗು ನೋಡೋಣ. ಜೋರಾಗಿ. ಅಮ್ಮಾ ಅಂತ."

ಗುಂಡು ಅಕ್ಕನ ಮುಖ ನೋಡಿದ. ಅಕ್ಕ ಹೆಡ್‌ಫೋನು ನೋಡಿದಳು. "ಅಮ್ಮ" ಎಂದ ಅವನು, ದೀಪ ಊದಿ ಆರಿಸುವವನಂತೆ.

"ಜೋರಾಗಿ ಕಣೋ."

"ಕೆಲಸ?"

ಅವಳು ಆ ಕ್ಷಣವೇ ಉತ್ತರಿಸಬೇಕಿತ್ತು. ಮೇಲ್ವಿಚಾರಕಿಯ ಮೃದು ದನಿ, ಅರ್ಧ ಬೇಸಿಗೆ ಬಾಕಿಯಿರುವುದು, ಎಲ್ಲವೂ ನೆನಪಾಗಿ ಅವಳ ಕಣ್ಣು ಕಂಪ್ಯೂಟರಿನತ್ತ ಹೋಯಿತು. ಮಗಳು ಅದನ್ನು ಗಮನಿಸಿದಳು. ಆ ಹುಡುಗಿ ಎಲ್ಲವನ್ನೂ ಗಮನಿಸುತ್ತಾಳೆ, ಗಂಟೆ ಸಮೇತ.

ಅಷ್ಟರಲ್ಲಿ ಮುಂದಿನ ಕರೆ ಬಂತು. ಬಾಗಿಲು ಮುಚ್ಚಲು ಮಗಳು ತಾನಾಗಿಯೇ ಕೈ ಚಾಚಿದಳು. ಅಮ್ಮ ಕಾಲು ಅಡ್ಡ ಕೊಟ್ಟು ಬಾಗಿಲನ್ನು ತಡೆದು, "ನಮಸ್ಕಾರ, ಹೇಳಿ, ಏನು ತೊಂದರೆ?" ಎಂದಳು. ಮ್ಯೂಟ್ ಒತ್ತಲಿಲ್ಲ. ಗುಂಡುವಿನ ಕಡೆ ತಿರುಗಿ, ಕೈಯಿಂದ ಮೇಲೆ, ಇನ್ನೂ ಮೇಲೆ ಎಂದು ಸನ್ನೆ ಮಾಡಿದಳು.

ಗುಂಡು ಉಸಿರೆಳೆದುಕೊಂಡ. "ಅಮ್ಮಾ," ಎಂದ, ಬರೀ ಕೇಳಿಸುವಷ್ಟು. "ಇಷ್ಟು ಸಾಕಾ?"

"ಸಾಕಾಗಲ್ಲ," ಎಂದಳು ಅವಳು.

"ಏನ್ರೀ ಸಾಕಾಗಲ್ಲ?" ಎಂದು ಲೈನಿನಲ್ಲಿದ್ದ ಹೆಂಗಸು ಕೇಳಿದಳು. "ನಾನಿನ್ನೂ ಏನೂ ಹೇಳೇ ಇಲ್ವಲ್ಲ!"