ಹೊಡೆಯದೆ ಕೇಳಿಸುವ ಏಟು

ಮಗಳು ನಾಟಕ ಶಾಲೆ ಸೇರಿದ್ದನ್ನು ಕ್ಷೌರದಂಗಡಿಯ ಅಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ ತಲೆ ತಿಂದಿದ್ದ. ಪಾಪ, ಅರ್ಧ ಗಡ್ಡದಲ್ಲಿ ಎದ್ದು ಹೋಗುವಂತೆಯೂ ಇಲ್ಲವಲ್ಲ!

ಅವತ್ತು ಮಧ್ಯಾಹ್ನ, ಹುಡುಗನ ಪಾತ್ರಕ್ಕಾಗಿ ಮಗಳ ಕೂದಲನ್ನು ಅವನೇ ಕತ್ತರಿಸುತ್ತಿದ್ದ. ಎಡಗಡೆ ನಿಂತು, "ತಲೆ ಬಗ್ಗಿಸಮ್ಮ" ಎಂದ. ಬಗ್ಗಿಸಲಿಲ್ಲ. ಮತ್ತೆ ಹೇಳಿದ. ಊಹೂಂ. ಬಲಗಡೆ ಬಂದು ಹೇಳಿದಾಗ ತಟ್ಟನೆ ಬಗ್ಗಿಸಿದಳು.

"ಏನೇ, ಎಡಗಿವಿ ಕೇಳಿಸ್ತಿಲ್ವಾ?"

"ಮೇಷ್ಟ್ರು ಕೆನ್ನೆಗೆ ಹೊಡೆದ್ರಪ್ಪ. ಅಳೋ ದೃಶ್ಯದಲ್ಲಿ ಕಣ್ಣೀರು ನಿಜವಾಗ್ಲೂ ಬರ್ಬೇಕಂತೆ. ನಾಲ್ಕು ದಿನದಿಂದ ಗುಂಯ್ ಅಂತಿದೆ. ಯಾರಿಗೂ ಹೇಳ್ಬೇಡ, ಪಾತ್ರ ಕಿತ್ಕೊಂಡ್ಬಿಡ್ತಾರೆ."

ಅಪ್ಪ ಮತ್ತೆ ಕತ್ತರಿ ಆಡಿಸತೊಡಗಿದ. "ಕಲಿಸೋರು ಅಂದ್ಮೇಲೆ ಒಂದೇಟು ಹಾಕ್ತಾರಮ್ಮ. ನಾನೂ ತಿಂದೇ ಕಲ್ತಿದ್ದು" ಎಂದ.

ಬೆಂಚಿನ ಮೇಲೆ ಅವನ ಅಕ್ಕ ಕೂತಿದ್ದಳು. ಮೂವತ್ತು ವರ್ಷ ನಾಟಕದವರಿಗೆ ಬಣ್ಣ ಹಚ್ಚಿದವಳು, ಬಾಯಿ ಸ್ವಲ್ಪ ಜೋರು.

"ಸಾಕು ನಿನ್ನ ಪಾಂಡಿತ್ಯ! ಕತ್ತರಿ ಕೆಳಗಿಡು. ಬಾ, ನನ್ನ ಕೆನ್ನೆಗೆ ಹೊಡಿ."

"ನಿಂಗೇನಕ್ಕ, ತಲೆ ಕೆಟ್ಟಿದ್ಯಾ?"

"ಹೊಡಿ ಅಂದ್ನಲ್ಲ. ಮುಖ ಮುಟ್ಬೇಡ, ಒಂದು ಗೇಣು ದೂರದಲ್ಲಿ ಕೈ ಬೀಸು."

ಬೀಸಿದ. ಫಟಾರ್! ಅಕ್ಕನ ಮುಖ ಪಕ್ಕಕ್ಕೆ ತಿರುಗಿತು. ಪೇಪರ್ ಓದುತ್ತಿದ್ದ ಗಿರಾಕಿ, "ಅಯ್ಯಯ್ಯೋ, ಒಡಹುಟ್ಟಿದೋಳ್ನ ಹೊಡೀತೀಯೇನೋ!" ಎಂದು ಎದ್ದೇಬಿಟ್ಟ. ಅಪ್ಪನ ಕೈಗೆ ತಾಗಿದ್ದು ಬರೀ ಗಾಳಿ. ಎದೆಯ ಹತ್ತಿರ ಚಪ್ಪಾಳೆ ತಟ್ಟಿದ್ದು ಅಕ್ಕನೇ.

"ಏಟು ತಿನ್ನೋರೇ ಶಬ್ದ ಮಾಡ್ತಾರೆ ಕಣೋ. ಕೊನೇ ಸಾಲಿಗೂ ಕೇಳ್ಸುತ್ತೆ, ಒಂದು ಕೂದಲೂ ಕೊಂಕಲ್ಲ. ಇದು ವಿದ್ಯೆ. ನಿಜವಾಗಿ ಹೊಡಿಯೋಕೆ ಮೇಷ್ಟ್ರೇ ಬೇಕಾ? ನಡಿ, ಮೊದ್ಲು ಡಾಕ್ಟರ್ ಹತ್ರ."

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿಯ ತಮಟೆ ತೂತಾಗಿತ್ತು. "ನೀರು ಹೋಗದ ಹಾಗೆ ನೋಡ್ಕೊಂಡ್ರೆ ಕೂಡ್ಕೋಬಹುದು. ಇನ್ನೊಂದು ಏಟು ಬಿದ್ರೆ ನಾನು ಭರವಸೆ ಕೊಡಲ್ಲ" ಎಂದರು. ಅಪ್ಪನಿಗೆ ತನ್ನ ಮಾತಿಗೆ ತಾನೇ ನಾಚಿಕೆಯಾಯಿತು.

ಮರುದಿನ ಮೂವರೂ ಪ್ರಾಂಶುಪಾಲರ ಕೋಣೆಗೆ ಹೋದರು. ಮೇಷ್ಟ್ರೂ ಬಂದರು. "ಅವತ್ತು ಎಷ್ಟು ಚೆನ್ನಾಗಿ ಅತ್ಲು ಗೊತ್ತಾ ನಿಮ್ಗೆ?" ಎಂದರು.

"ಹೊಡೆದ್ರೆ ನಾನೂ ಅಳ್ತೀನಿ ಸಾರ್" ಎಂದ ಅಪ್ಪ. "ಹೊಡೀದೇನೇ ಅಳೋದನ್ನ ಕಲಿಸ್ಲಿ ಅಂತ ಇಲ್ಲಿಗೆ ಕಳಿಸಿದ್ದು."

ಪ್ರಾಂಶುಪಾಲರು ದೂರು ಬರೆದುಕೊಡಲು ಹೇಳಿದರು. ಮಗಳೇ ಬರೆದಳು. ವಿಷಯ ತಿಳಿದು ಅವಳ ಸಹಿಯ ಕೆಳಗೆ, ಅವಳಂತೆಯೇ ಏಟು ತಿಂದಿದ್ದ ಇನ್ನೂ ಏಳು ವಿದ್ಯಾರ್ಥಿಗಳು ಸಹಿ ಹಾಕಿದರು. ಮೇಷ್ಟ್ರನ್ನು ತರಗತಿಯಿಂದ ದೂರವಿಟ್ಟರು. ಪಾತ್ರ ಮಗಳಿಗೇ ಉಳಿಯಿತು.

ನಿಮ್ಮ ಮನೆಯಲ್ಲೂ ಅಭಿನಯ ಕಲಿಯುವವರು ಇದ್ದಾರಾ? ಹಾಗಿದ್ದರೆ ಹತ್ತಿರ ಕೂರಿಸಿಕೊಂಡು ಕೇಳಿ. ಹೊಡೀತಾರಾ? ಎಲ್ಲರೆದುರು ಹೀಯಾಳಿಸ್ತಾರಾ? ಅಳಿಸೋಕೆ ಅಂತ ಮನಸ್ಸಿನ ಹಳೇ ನೋವು ಕೆದಕ್ತಾರಾ? ಸಾಕು ಅಂದ್ರೆ ನಿಲ್ಲಿಸ್ತಾರಾ? ಉತ್ತರಕ್ಕೆ ತಡವರಿಸಿದರೆ ಸುಮ್ಮನಿರಬೇಡಿ, ಶಾಲೆಗೆ ಹೋಗಿ ವಿಚಾರಿಸಿ, ದೂರು ಬರೆದು ಕೊಡಿ. ಆ ಏಳು ಮಕ್ಕಳನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನೀವು ಇವತ್ತೇ ಕೇಳಿ.