ತೋಳು ತೆರೆಯುವ ರವಿಕೆ

"ಸತ್ರೂ ಸರಿ, ಇನ್ನಾ ಆಸ್ಪತ್ರೆ ಮೆಟ್ಲು ತುಳಿಯಾಕಿಲ್ಲ!"

ಚಿಕ್ಕಬೋರಮ್ಮ ಹೀಗೆ ಹಟ ಹಿಡಿದು ಕೂತಾಗ ಸೊಸೆ ಸುಧ ಕೈಕೆಲಸ ಬಿಟ್ಟು ಓಡಿಬಂದಳು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅತ್ತೆಯ ಜೀವ ನಿಂತಿದ್ದೇ ಡಯಾಲಿಸಿಸ್ ಮೇಲೆ. ಅದನ್ನು ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಕಾರಣ ಕೇಳಿದರೆ ಮುದುಕಿ ಗೋಡೆ ಕಡೆ ತಿರುಗಿಕೊಂಡಳು. ಹಾಗೇ ಗೋಡೆ ನೋಡಿಕೊಂಡು ಹೇಳಿದಳು. ಸೂಜಿ ಚುಚ್ಚುವುದು ಎಡರಟ್ಟೆಗೆ, ಮೊಣಕೈಗಿಂತ ಮೇಲೆ. ಅವಳ ಬಿಗಿ ತೋಳಿನ ರವಿಕೆ ಏನು ಮಾಡಿದರೂ ಅಲ್ಲಿವರೆಗೆ ಸರಿಯದು. ಒಂದು ಕೈಯನ್ನು ರವಿಕೆಯಿಂದ ಈಚೆ ತೆಗೆದು, ಸೆರಗು ಸುತ್ತಿಕೊಂಡು ಗಂಟೆಗಟ್ಟಲೆ ಮಲಗಬೇಕು.

"ಪಕ್ಕದ್ ಮಂಚ್ದಲ್ಲಿ ಗಂಡುಸ್ರು ಅವ್ರೆ ಕಣೆ. ಅರ್ಧ ರವ್ಕೆ ಬಿಚ್ಕಂಡು ಎಂಗ್ ಮನೀಕಳ್ಲಿ?"

"ನೈಟಿ ಆಕ್ಕಳಿ ಅತ್ತೆ."

"ನೈಟಿ ಆಕ್ಕಂಡು ಬಸ್ಸತ್ಲಾ?"

ನಗುವವರು ನಗಲಿ. ಮಾನಕ್ಕಂಜಿ ಪ್ರಾಣ ಬಿಡಲು ತಯಾರಾಗುವ ಹೆಂಗಸರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರಿಗೆ ಬುದ್ಧಿ ಹೇಳಿದವರು ಬೇಕಾದಷ್ಟು ಮಂದಿ, ಬಟ್ಟೆ ಹೊಲಿದುಕೊಟ್ಟವರು ಮಾತ್ರ ಯಾರೂ ಇಲ್ಲ.

ಸುಧ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟವಳು. ತನ್ನದೇ ಹಳೇ ರವಿಕೆಯ ತೋಳನ್ನು ಹೆಗಲಿಂದ ಅಂಚಿನವರೆಗೆ ಸೀಳಿ ಹುಕ್ಕು ಹಾಕಿ, ಅದನ್ನು ತಾನೇ ತೊಟ್ಟುಕೊಂಡು ಆಸ್ಪತ್ರೆಗೆ ಹೋದಳು. ಡಯಾಲಿಸಿಸ್ ನರ್ಸ್ ಪದ್ಮ ಬೆರಳಿಟ್ಟು ನೋಡಿ, "ಹುಕ್ಕು ಸೂಜಿ ಚುಚ್ಚೋ ನರಕ್ಕೆ ಒತ್ತುತ್ತೆ ಸುಧಾ. ರಕ್ತ ಕಟ್ಟಿದ್ರೆ ಕೈಗೇ ಸಂಚಕಾರ" ಎಂದರು. ಹುಕ್ಕು ಕಿತ್ತು ಲಾಡಿ ಹಾಕಿದಳು. ಈಗ ಗಂಟು ಒತ್ತಿತು. ಸುಧಳಿಗೆ ತಲೆ ಕೆಟ್ಟುಹೋಯಿತು, ಆದರೆ ಕತ್ತರಿ ಕೆಳಗಿಡಲಿಲ್ಲ. ಸೀಳನ್ನು ನರದಿಂದ ದೂರ, ತೋಳಿನ ಹೊರಬದಿಗೆ ಒಯ್ದಳು. ತೋಳು ಸಡಿಲ ಮಾಡಿ, ಮಕ್ಕಳ ಸ್ಕೂಲ್ ಶೂಗಳಿಗೆ ಇರುತ್ತದಲ್ಲ, ಅಂಥ ಅಂಟುಪಟ್ಟಿ ಹೊಲಿದಳು. ಅದರ ಮೇಲೆ ಜರಿ ಅಂಚು. ಮುಚ್ಚಿದರೆ ಮದುವೆ ಮನೆಯ ರವಿಕೆ, ತೆರೆದರೆ ಸೂಜಿಗೆ ಬೇಕಾದಷ್ಟೇ ಜಾಗ. ಪದ್ಮ ಮತ್ತೆ ಬೆರಳಿಟ್ಟು ನೋಡಿ, "ಒತ್ತಲ್ಲ!" ಎಂದು ನಕ್ಕರು.

"ಒಂದೇ ಒಂದ್ಸಲ ಬನ್ನಿ ಅತ್ತೆ. ಇಡಿಸ್ಲಿಲ್ಲ ಅಂದ್ರೆ ಮತ್ತೆ ಬಲವಂತ ಮಾಡಾಕಿಲ್ಲ" ಎಂದಳು ಸುಧ. ಮುಖ ಗಂಟಿಕ್ಕಿಕೊಂಡೇ ಮುದುಕಿ, ತನ್ನ ಅಳತೆಗೆ ಹೊಲಿದ ಅಂಥದ್ದೇ ರವಿಕೆ ತೊಟ್ಟು ಬಸ್ಸು ಹತ್ತಿದಳು.

ಪದ್ಮ ಪಟ್ಟಿಯನ್ನು ಪರ್ರನೆ ಎಳೆದು ಸೂಜಿ ಹಾಕಿದರು. ಮೆಷಿನ್ನು ಶುರುವಾಯಿತು. ಚಿಕ್ಕಬೋರಮ್ಮ ಸೆರಗು ಮುಟ್ಟಿ ನೋಡಿಕೊಂಡಳು. ಎಲ್ಲ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಆಚೆ ಮಂಚದ ಕುಳ್ಳಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, "ನಂಗೂ ಒಂದು ಒಲ್ಕೊಡವ್ವಾ" ಎಂದಳು. "ನಂಗೂ" ಎಂದರು ಇನ್ನಿಬ್ಬರು. ಸುಧ ಟೇಪು ತೆಗೆದಳು.

ಅಷ್ಟರಲ್ಲಿ ಹಿಂದಿನಿಂದ ಗದರುವ ದನಿ ಬಂತು. ಅತ್ತೆ ಎದ್ದಿದ್ದಳು.

"ಅಳ್ತೆ ಸರಿಯಾಗ್ ತಕ್ಕಳೇ! ಕುಳ್ಳವ್ವಾ, ನೀನ್ಯಾಕೆ ಅಂಗ್ಡಿಗಂಟ ಅಲೀತೀಯ? ಬುದ್ವಾರ ನಾನ್ ಬತ್ತೀನಲ್ಲ, ತಂದ್ಕೊಡ್ತೀನಿ ಬುಡು."

ಬುಧವಾರ ಮುಂದಿನ ಡಯಾಲಿಸಿಸ್. ಬರುತ್ತೇನೆ ಎಂದುಬಿಟ್ಟಿದ್ದಳು ಮುದುಕಿ! ಗೆದ್ದುಬಿಟ್ಟೆ ಎನ್ನಿಸಿತು ಸುಧಳಿಗೆ. ಕಣ್ಣು ತುಂಬಿ ಟೇಪಿನ ಅಂಕಿ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಕುಳ್ಳಮ್ಮನ ರಟ್ಟೆಯನ್ನು ಇನ್ನೊಮ್ಮೆ ಅಳೆದಳು.