ಶನಿವಾರದ ಜತೆ

ನಮ್ಮ ಬಂಡಳ್ಳಿಯ ಕಲ್ಲುಗುಡ್ಡೆ ಅಗೆಸಲು ಮೈಸೂರಿನಿಂದ ಪುರಾತತ್ವ ಇಲಾಖೆಯ ಸಾಹೇಬರು ಬಂದದ್ದು ಅರವತ್ತೊಂಬತ್ತರ ಬೇಸಿಗೆಯಲ್ಲಿ. ಮಡಕೆಚೂರು ಗುರುತಿಸಲು ಕುಂಬಾರ ಬೇಕೆಂದು ನನ್ನನ್ನು ಕರೆದರು. ಮಣ್ಣು ಹೊರಲು ಬಂದವರಲ್ಲಿ ನನ್ನ ಅತ್ತಿಗೆ ದೊಡ್ಡಮಾದಮ್ಮನೂ ಇದ್ದಳು. ಒಂದೇ ಹಟ್ಟಿಯಲ್ಲಿದ್ದರೂ ಅವಳು ನಮ್ಮೊಡನೆ ಆಡುವ ಮಾತು ಉಪ್ಪು, ಬೆಂಕಿ ಕೇಳುವಷ್ಟೇ.

ಹನ್ನೊಂದು ವರ್ಷದಿಂದ ಹೀಗೇ. ಅಣ್ಣ ಮಂಟೇಸ್ವಾಮಿ ಸತ್ತದ್ದು ಶನಿವಾರ. ಆ ದಿನ ಸತ್ತವನು ಮನೆಯ ಇನ್ನೊಂದು ಜೀವವನ್ನು ಕರೆಯಲು ಬರುತ್ತಾನೆಂಬ ಭಯಕ್ಕೆ ನಮ್ಮವರು ಚಟ್ಟಕ್ಕೆ ಕೋಳಿಮರಿ ಕಟ್ಟುತ್ತಾರೆ. ಅದೇ ಅವನ ಜತೆ. ಚಟ್ಟ ಎತ್ತುವ ಗಲಾಟೆಯಲ್ಲಿ ಅತ್ತಿಗೆ ದಾರ ಬಿಚ್ಚಿ ಕೋಳಿಯನ್ನು ಓಡಿಸಿದ್ದನ್ನು ನಾನೊಬ್ಬನೇ ನೋಡಿದೆ. ಗಂಡ ತನ್ನನ್ನೇ ಕರೆದೊಯ್ಯಲಿ ಎಂಬ ಆಸೆ. ಅವಳಿಗೆ ಮಕ್ಕಳಿರಲಿಲ್ಲ, ತವರೂ ಇರಲಿಲ್ಲ. ಅಂದಿನಿಂದ ಕಾದಳು. ಅವನು ಬರಲಿಲ್ಲ. ಅವನಿಗೆ ತಾನು ಬೇಡವಾದೆನೆಂದು ನನ್ನ ಹೆಂಡತಿಯ ಹತ್ತಿರ ಒಮ್ಮೆ ಅತ್ತಿದ್ದಳಂತೆ.

ಮೂರನೇ ದಿನ ಕಲ್ಲುಗಳ ನಡುವೆ ದೊಡ್ಡ ಮಣ್ಣಿನ ಹರವಿಯೊಂದು ಸಿಕ್ಕಿತು. ಒಳಗೆ ಮೂಳೆ, ಪಕ್ಕದಲ್ಲಿ ಗೇಣುದ್ದದ ಸುಟ್ಟ ಮಣ್ಣಿನ ಹೆಂಗಸು. ಸಾಹೇಬರು ದೇವಿ ಇರಬಹುದು ಅಂದರು, ಸೇವಕಿ ಇರಬಹುದು ಅಂದರು, ಕೊನೆಗೆ ಬರೀ ಆಟದ ಬೊಂಬೆಯೂ ಇರಬಹುದು ಅಂದರು. ಅಷ್ಟು ಓದಿದವರು ಒಂದು ಮಾತಿಗೆ ನಿಲ್ಲುವುದಿಲ್ಲವಲ್ಲ ಎಂದು ನನಗೆ ರೇಗಿತು. ನನ್ನ ಬಾಯಿಗೆ ಬೀಗವಿಲ್ಲ.

"ಅದು ಜತೆ ಕಣ್ ಸಾ. ಸತ್ತೋನು ಬದುಕಿರೋರ ತಂಟೆಗೆ ಬರ್ದಿರ್ಲಿ ಅಂತ ಮಡಗೋದು. ನಾನೂ ಮಡಗಿವ್ನಿ."

ತಿರುಗಿ ನೋಡಿದರೆ ಅತ್ತಿಗೆ ಹಿಂದೆಯೇ ನಿಂತಿದ್ದಳು. ಬುಟ್ಟಿ ಇಳಿಸಿ, ಯಾರ ಗುಂಡಿಯಲ್ಲಿ ಮಡಗಿದೆ ಎಂದು ಕೇಳಿದಳು. ಸುಳ್ಳು ಹೇಳಲು ಆಗಲಿಲ್ಲ. ಕೋಳಿಯಿಲ್ಲದ ಚಟ್ಟ ಹೊರಟಾಗ ಅವಳ ಜೀವಕ್ಕೆ ಹೆದರಿ ಮಡಕೆ ಮಾಡುವ ತಿಗರಿಯ ಪಕ್ಕದ ಹಸಿಮಣ್ಣು ಹಿಡಿದುಕೊಂಡೆ, ದಾರಿಯುದ್ದಕ್ಕೂ ಪಂಚೆಯ ಮರೆಯಲ್ಲಿ ಬೊಂಬೆಯಾಗಿ ತಿದ್ದಿ ಗುಂಡಿಯಲ್ಲಿ ಅಣ್ಣನ ಎದೆಯ ಹತ್ತಿರ ಇಟ್ಟೆ ಎಂದು ಒಪ್ಪಿಕೊಂಡೆ.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮೊಕ ಯಾರ್ದು ಮಾಡಿದ್ದೆ?" ಅಂದಳು.

"ನಿಂದೇ ಅತ್ಗೆ. ಅವ್ನು ನಂಬ್ಬೇಕಿತ್ತಲ್ಲ. ಮೂಗ್‌ಬಟ್ಟೂ ಇಟ್ಟಿದ್ದೆ."

ಅವಳ ಮುಖ ಮೆಲ್ಲಗೆ ಸಡಿಲವಾಯಿತು.

"ಅಂಗಾರೆ ಕರ್ಕಂಡೇ ಓಗವ್ನೆ."

ನನ್ನ ಎದೆಯ ಭಾರವೂ ಇಳಿಯಿತು. ಅಷ್ಟರಲ್ಲಿ ಅವಳು ಮಣ್ಣು ಮೆತ್ತಿದ ತನ್ನ ಅಂಗೈಗಳನ್ನು ನೋಡಿಕೊಂಡಳು.

"ನಾನು ಅವ್ನ ತಾವ ಇದ್ರೆ, ಇಲ್ಲಿರೋಳು ಯಾರ್ಲಾ ಶಿವಮಲ್ಲ?"

ತುಂಬಿದ ಬುಟ್ಟಿ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಅವಳು ಯಾರನ್ನೂ ಕರೆಯಲಿಲ್ಲ. ಮೊಣಕಾಲಿಗೆ ಆನಿಸಿ, ತಾನೇ ಎತ್ತಿಕೊಂಡು ಹೋದಳು.